ಊರಿಗೆಲ್ಲ ಕೊಟ್ಟುಹೋದ ಧ್ವನಿ

ಅತ್ಯಾರೇ,

ನೀವು ಇದ್ದಾಗ ನಿಮಗೆ ಒಂದು ಸಾಲೂ ಬರೆದವಳಲ್ಲ ನಾನು. ಒಂದೇ ಒಲೆಯ ಮುಂದೆ ಕುಳಿತವರಿಗೆ ಪತ್ರ ಯಾರು ಬರೆಯುತ್ತಾರೆ? ಏನಿದ್ದರೂ ಅಡುಗೆಮನೆಯಿಂದಲೇ ಕೂಗಿ ಹೇಳಿದರೆ ಆಗುತ್ತಿತ್ತು, ನೀವು ಒಳಗಿನ ಖೋಲಿಯಿಂದ ಹ್ಞೂಂ ಅನ್ನುತ್ತಿದ್ದಿರಿ. ಈಗ ಕೂಗಿದರೆ ಖೋಲಿಯಿಂದ ಏನೂ ಬರುವುದಿಲ್ಲ. ಅದಕ್ಕೇ ನಿಮ್ಮ ಹಳೆಯ ಕಂಪ್ಯೂಟರಿನ ಮುಂದೆ ಕುಳಿತು, ನಿಮ್ಮದೇ ಕೀಬೋರ್ಡು ಕುಟ್ಟುತ್ತ ಇದನ್ನು ಬರೆಯುತ್ತಿದ್ದೇನೆ. ಹೇಳಬೇಕಾದದ್ದು ನಿಮ್ಮ ಧ್ವನಿಯ ವಿಷಯ. ನೀವು ಊರಿಗೆಲ್ಲ ಕೊಟ್ಟುಹೋದಿರಲ್ಲ, ಅದನ್ನು ನಿಮ್ಮ ಮಗ ವಾಪಸು ಕೇಳಿದರು. ಕೊಡಿಸುವ ಕೆಲಸ ನನ್ನ ತಲೆಗೆ ಬಂತು. ನಿಮ್ಮ ಮಾತು ಉಳಿಸಲೋ, ನಿಮ್ಮ ಮಗನ ಮಾತು ನಡೆಸಲೋ ತಿಳಿಯದೆ ಎಷ್ಟು ದಿನ ಒದ್ದಾಡಿದೆ ಅಂತ ನಿಮಗಲ್ಲದೆ ಯಾರಿಗೆ ಹೇಳಲಿ?

ಮದುವೆಯಾಗಿ ಕಿತ್ತೂರಿನಿಂದ ಸವದತ್ತಿಗೆ ಬಂದ ಹೊಸತರಲ್ಲಿ ನೀವು ನನ್ನನ್ನು ಒಳಗಿನ ಖೋಲಿಗೆ ಕರೆದುಕೊಂಡು ಹೋದದ್ದು ನೆನಪಿದೆ. ಹೊಸ ಸೊಸೆಗೆ ತಿಜೋರಿ ತೋರಿಸುತ್ತಾರೇನೋ ಅಂದುಕೊಂಡಿದ್ದೆ. ನೋಡಿದರೆ ಡಬ್ಬಿಯಂಥ ಮಾನಿಟರುಗಳು, ಹೊಟ್ಟೆ ಬಿಚ್ಚಿದ ಕಂಪ್ಯೂಟರುಗಳು, ಒಂದಕ್ಕೊಂದು ಸುತ್ತಿಕೊಂಡ ವೈರುಗಳು. ನೀವು ಕಲಿಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸವು ಬಂದಾಗ ಹಳೆಯವನ್ನೆಲ್ಲ ನೀವೇ ಹೊತ್ತು ತಂದಿದ್ದಿರಂತೆ. ನಿಮ್ಮ ಮಗ ಬಾಗಿಲಲ್ಲಿ ನಿಂತು, ಗುಜರಿ ಅಂಗಡಿಗೆ ಸೊಸೆಯಾಗಿ ಬಂದಿ ಅಂತ ನನಗೆ ಕೇಳಿಸುವಷ್ಟೇ ಮೆಲ್ಲಗೆ ಅಂದರು. ನೀವು ಕಿವಿಗೆ ಹಾಕಿಕೊಳ್ಳಲಿಲ್ಲ. ಚಾಲೂ ಆಗದೆ ಕುಳಿತಿದ್ದ ಒಂದರ ಒಳಗಿಂದ ಬೆರಳಗಲದ ಹಸಿರು ಪಟ್ಟಿ ಕಿತ್ತು, ಅದರ ಹಳದಿ ಅಂಚನ್ನು ಮಕ್ಕಳು ಪೆನ್ಸಿಲ್ಲಿನ ಗೀರು ಅಳಿಸುವ ರಬ್ಬರಿನಿಂದ ತಿಕ್ಕಿ, ತಿರುಗಿ ಸಿಕ್ಕಿಸಿ, ಗುಂಡಿ ಒತ್ತು ಅಂದಿರಿ. ನಾನು ಒತ್ತಿದೆ. ಅದು ಕೆಮ್ಮಿದಂತೆ ಮಾಡಿ ಎದ್ದು ಕುಳಿತಿತು. “ಇದಕ್ಕ ಮುಪ್ಪ ಬಂದಿಲ್ಲ ಸುಮಾ, ಹೊರಿ ಜಾಸ್ತಿ ಆಗೇತಿ ಅಷ್ಟ” ಅಂದಿರಿ. ಭಾರದ ಹೊಸ ತಂತ್ರಾಂಶಗಳನ್ನು ತೆಗೆದು, ಪುಕ್ಕಟೆ ಸಿಗುವ ಹಗುರಾದ ಲಿನಕ್ಸ್ ಹಾಕಿದರೆ ಇನ್ನೂ ಹತ್ತು ವರ್ಷ ದುಡಿಯುತ್ತದೆ ಅನ್ನುವುದು ನಿಮ್ಮ ವಾದ. ನನಗೆ ಆಗ ಏನೂ ತಿಳಿಯಲಿಲ್ಲ. ಆದರೆ ಅತ್ತೆಯ ಮನೆಯಲ್ಲಿ ನನ್ನ ಕೈಗೆ ಬಂದ ಮೊದಲ ಸಾಮಾನು ಸೌಟಲ್ಲ, ಸ್ಕ್ರೂಡ್ರೈವರು ಅಂತ ತವರಿಗೆ ಫೋನು ಮಾಡಿ ನಕ್ಕಿದ್ದೆ.

ಓಪನ್ ಸೋರ್ಸ್ ಅಂದರೇನು ಅಂತ ಒಮ್ಮೆ ಕೇಳಿದ್ದಕ್ಕೆ ನೀವು ಪುಸ್ತಕ ತೆಗೆಯಲಿಲ್ಲ. ಎದುರುಮನೆಯ ಗಂಗವ್ವ ಅದೇ ತಾನೆ ಬಟ್ಟಲು ಹಿಡಿದು ಹೆಪ್ಪಿಗೆ ಬಂದಿದ್ದಳು. ಆಕೆಯ ಬಟ್ಟಲಿಗೆ ಒಂದು ಚಮಚ ಮೊಸರು ಹಾಕಿ ಕಳಿಸಿ, “ಹೆಪ್ಪ ಕೊಟ್ರ ನಮ್ಮ ಮಸರ ಕಡಿಮಿ ಆಗತೈತೇನ?” ಅಂದಿರಿ. ನಾಳೆ ನಮ್ಮ ಗಡಿಗೆ ಒಡೆದರೆ ನಾವು ಅವಳ ಮನೆಗೇ ಹೋಗಬೇಕಲ್ಲ, ಇದೂ ಹಾಗೇ ಅಂತ ವಿವರಿಸಿದಿರಿ. ತಂತ್ರಾಂಶ ಬರೆದವರು ಬಚ್ಚಿಡುವುದಿಲ್ಲ, ಪಡೆದವರು ಇನ್ನೊಬ್ಬರಿಗೆ ಇಲ್ಲ ಅನ್ನುವ ಹಾಗಿಲ್ಲ. ನಾನು ಸುಮ್ಮನಿರದೆ, ಅವಳು ನಮ್ಮ ಹೆಪ್ಪಿನಿಂದ ಹುಳಿ ಮೊಸರು ಮಾಡಿದರೆ ಅಂತ ಕೇಳಿದೆ. ಅದು ಅವಳ ಗಡಿಗೆ, ಅವಳ ಬಾಯಿ ಅಂದುಬಿಟ್ಟಿರಿ. ನಿಮ್ಮ ಹತ್ತಿರ ಯಾವುದಕ್ಕೂ ಉತ್ತರ ಇರುತ್ತಿತ್ತು, ಅದೇ ಕೆಲವೊಮ್ಮೆ ಸಿಟ್ಟು ತರಿಸುತ್ತಿತ್ತು.

ನಿಮ್ಮ ಹಳೆಯ ವಿದ್ಯಾರ್ಥಿನಿಯರು ಮನೆಗೆ ಬಂದು ಹೋಗುವಾಗಿನ ಸಂಭ್ರಮವೇ ಸಂಭ್ರಮ. ಮಾವನವರು ಹೋದ ಮೇಲೆ ಉಡಿ ತುಂಬಲು ನೀವು ಮುಂದೆ ಬರುತ್ತಿರಲಿಲ್ಲ. ಅದು ನನಗೆ ಯಾವತ್ತೂ ಸರಿ ಅನ್ನಿಸಲಿಲ್ಲ, ಹೇಳಿದರೆ ಇರಲಿ ಬಿಡು ಅನ್ನುತ್ತಿದ್ದಿರಿ. ನಾನು ಅವರ ಸೆರಗಿಗೆ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಹಾಕುವಾಗ ನೀವು ಹಿಂದಿನಿಂದ ಬಂದು ನನ್ನ ಅಂಗೈಯಲ್ಲಿ ಒಂದು ಪೆನ್ ಡ್ರೈವ್ ಇಡುತ್ತಿದ್ದಿರಿ. ಅದೂ ಅಕ್ಕಿಯ ಜೊತೆ ಉಡಿಗೆ ಬೀಳಬೇಕು. ಅದರಲ್ಲಿ ಲಿನಕ್ಸ್, ಕನ್ನಡದ ಅಕ್ಷರಗಳು, ಮಕ್ಕಳಿಗೆ ವಿಜ್ಞಾನದ ಪಾಠಗಳು. ಬಸುರಿಯೊಬ್ಬಳು ಇದನ್ನೇನು ಮಾಡಲಿ ಅಕ್ಕೋರ ಅಂತ ಕೇಳಿದ್ದಕ್ಕೆ, ಮಗು ಹುಟ್ಟಿ ದೊಡ್ಡದಾಗುವವರೆಗೆ ಕೆಡುವುದಿಲ್ಲ, ಇಟ್ಟುಕೋ ಅಂದಿದ್ದಿರಿ. ಸವದತ್ತಿಯಿಂದ ರಾಮದುರ್ಗದವರೆಗೆ ಎಷ್ಟು ಮನೆಯ ಅಕ್ಕಿ ಡಬ್ಬಿಯಲ್ಲಿ ನಿಮ್ಮ ಪೆನ್ ಡ್ರೈವ್ ಇದೆಯೋ, ಯಾರು ಬಲ್ಲರು?

ನನ್ನ ಸಾಣಿಗಿ ಕಳೆದ ದಿನವನ್ನಂತೂ ಮರೆಯಲಾರೆ. ಜೋಳದ ಹಿಟ್ಟು ಸಾಣಿಸಲು ಮನೆಯೆಲ್ಲ ಹುಡುಕಿದೆ. ಕೊನೆಗೆ ಮಾಳಿಗೆ ಹತ್ತಿ ನೋಡಿದರೆ, ಅದು ಬಿದಿರ ಗಳಕ್ಕೆ ಕಟ್ಟಿಸಿಕೊಂಡು ಓಣಿಯ ತುದಿಯ ವಾಚನಾಲಯದ ಕಡೆ ಮುಖ ಮಾಡಿ ನಿಂತಿತ್ತು. ನಡುವೆ ವೈಫೈ ಹಿಡಿಯುವ ಕಡ್ಡಿ. ತಂತಿಯ ಬಲೆ ಇರುವ ಸಾಣಿಗಿ ಅಲೆಗಳನ್ನು ಒಂದೇ ಕಡೆ ಒಟ್ಟುಮಾಡುತ್ತದೆ, ವಾಚನಾಲಯದ ಹುಡುಗಿಯರಿಗೆ ನಮ್ಮ ಮನೆಯ ಇಂಟರ್‌ನೆಟ್ ಸಿಗುತ್ತದೆ ಅಂತ ನನಗೇ ಪಾಠ ಮಾಡಿದಿರಿ. ತಮಾಷೆ ಎಂದರೆ ನಿಮಗೆ ವೈರ್‌ಲೆಸ್ ಮೇಲೆ ನಂಬಿಕೆ ಇರಲಿಲ್ಲ. ಓಣಿಯ ನಡುವೆ ತಂತಿ ಎಳೆಯಲು ಯಾರೂ ಬಿಡಲಿಲ್ಲ ಅಂತ ಗಾಳಿಯ ಮೊರೆ ಹೋದವರು ನೀವು. “ತಂತಿ ಇದ್ರ ಎಲ್ಲಿ ಕಡದೈತಿ ಅಂತ ಹಿಡಕೊಂಡ ಹೋಗಬೌದು. ಗಾಳ್ಯಾಗಿಂದು ಕೆಟ್ರ ಯಾರನ್ನ ಕೇಳ್ತಿ?” ಅನ್ನುತ್ತಿದ್ದಿರಿ. ಆ ದಿನ ಹಿಟ್ಟು ಸಾಣಿಸದೆ ರೊಟ್ಟಿ ಮಾಡಿದೆ, ಹೊಟ್ಟು ಬಾಯಿಗೆ ಬಂದರೂ ನೀವು ಚಕಾರ ಎತ್ತದೆ ಉಂಡಿರಿ.

ಒಂದು ಬೇಸಿಗೆ ಇದೇ ಖೋಲಿಯಲ್ಲಿ ಕೌದಿಗಳನ್ನು ನೇತುಹಾಕಿದ್ದು ನೆನಪಾಗುತ್ತದೆ. ಕನ್ನಡವನ್ನು ಗಟ್ಟಿಯಾಗಿ ಓದುವ ತಂತ್ರಾಂಶಕ್ಕೆ ಒಂದು ಹೆಣ್ಣು ಧ್ವನಿ ಬೇಕು, ಯಾರಾದರೂ ಕೊಡುತ್ತೀರಾ ಅಂತ ಎಲ್ಲೆಲ್ಲಿಯೋ ಇರುವ ಒಂದಿಷ್ಟು ಜನ ಕೇಳಿದ್ದರು. ಸಂಬಳವಿಲ್ಲದೆ, ಹುಚ್ಚಿಗೆ ಬಿದ್ದು ಕೆಲಸ ಮಾಡುವವರು, ನಿಮ್ಮಂಥವರೇ. ಅವರು ವಾಕ್ಯಗಳನ್ನು ಕಳಿಸುತ್ತಿದ್ದರು, ನೀವು ಓದಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದಿರಿ. ಯಂತ್ರ ಅದರಿಂದ ನಿಮ್ಮಂತೆ ಉಚ್ಚರಿಸಲು ಕಲಿಯುತ್ತದೆ, ಆಮೇಲೆ ಯಾರು ಏನು ಟೈಪು ಮಾಡಿದರೂ ನಿಮ್ಮ ಧ್ವನಿಯಲ್ಲಿ ಓದುತ್ತದೆ. ಹೊರಗಿನ ಸದ್ದು ಬರಬಾರದೆಂದು ಗೋಡೆಗೆ ಕೌದಿ, ಕಿಟಕಿಗೆ ಕೌದಿ, ತಲೆಯ ಮೇಲೂ ಕೌದಿ. ಫ್ಯಾನು ಬಂದ್. ಸವದತ್ತಿಯ ಬಿಸಿಲಲ್ಲಿ ನೀವು ಒಳಗೆ ಬೆವರು ಒರೆಸಿಕೊಳ್ಳುತ್ತ ರೈಲು ತಡವಾಗಿ ಬಂದಿತು, ಹಕ್ಕಿಗಳು ದಕ್ಷಿಣಕ್ಕೆ ಹಾರಿದವು ಅಂತ ಓದುತ್ತಿದ್ದಿರಿ. ನನ್ನ ರೊಟ್ಟಿ ಬಡಿಯುವ ಸದ್ದು ಒಳಗೆ ಬರುತ್ತದೆಂದು ಒಂದೊಂದು ವಾಕ್ಯಕ್ಕೂ ಕೈ ತಡೆಯಬೇಕಿತ್ತು. ಕೌದಿಯ ಸಂದಿನಿಂದ ನಿಮ್ಮ ಕೈ ಮಾತ್ರ ಹೊರಬರುತ್ತಿತ್ತು. ಅಂಗೈ ತೋರಿಸಿದರೆ ನಿಲ್ಲಿಸು, ಬೆರಳು ಆಡಿಸಿದರೆ ಬಡಿ. ಹೆಂಚಿನ ಮೇಲಿನ ರೊಟ್ಟಿ ಎಷ್ಟು ಸಲ ಹೊತ್ತಿತೋ...

ಒಂದು ಸಂಜೆ ಅವರು ಕಳಿಸಿದ ಒಪ್ಪಿಗೆಯ ಕರಾರನ್ನು ನನ್ನಿಂದ ಓದಿಸಿದಿರಿ. ಈ ಧ್ವನಿಯನ್ನು ಯಾರು ಬೇಕಾದರೂ ಬಳಸಬಹುದು, ಬದಲಾಯಿಸಬಹುದು, ಹಂಚಬಹುದು. ಒಮ್ಮೆ ಕೊಟ್ಟದ್ದನ್ನು ಹಿಂದೆ ಪಡೆಯುವಂತಿಲ್ಲ. ಮೊಸರು ಬೇರೆ, ಮನುಷ್ಯರ ಧ್ವನಿ ಬೇರೆ. ನಾಳೆ ಯಾರೋ ನಿಮ್ಮ ಬಾಯಲ್ಲಿ ಆಡಬಾರದ್ದನ್ನು ಆಡಿಸಿದರೆ ಅಂತ ಕೇಳಿದೆ. ನೀವು ಕನ್ನಡಕ ಒರೆಸುತ್ತ, “ಇಷ್ಟ ವರ್ಷ ಪಾಠಾ ಹೇಳೇನಿ. ಕಲತ ಹುಡುಗ್ಯಾರು ಹೊರಗ ಹೋಗಿ ಏನ ಮಾತಾಡ್ತಾರು ಅಂತ ಅವರ ಬಾಯಿ ಹಿಡಕೊಂಡ ಕುಂತೇನೇನು?” ಅಂದಿರಿ. ಮಗನನ್ನು ಒಂದು ಮಾತು ಕೇಳಿ ಅಂದೆ. ಅವನಿಗೇನು ತಿಳಿಯುತ್ತದೆ ಅಂತ ಒಪ್ಪಿಗೆ ಕೊಟ್ಟೇಬಿಟ್ಟಿರಿ.

ಶ್ರಾವಣದ ಆ ಸೋಮವಾರ ಉಂಡು ಅಡ್ಡಾದವರು ಏಳಲಿಲ್ಲ. ಚಹಾಕ್ಕೆ ಕರೆಯಲು ಬಂದೆ, ಕಂಪ್ಯೂಟರಿನ ಫ್ಯಾನು ತಿರುಗುತ್ತಲೇ ಇತ್ತು, ನೀವು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಿರಿ. ಭುಜ ಮುಟ್ಟಿದಾಗ ತಿಳಿಯಿತು. ಅತ್ಯಾರೇ, ಅಷ್ಟು ಸದ್ದಿಲ್ಲದೆ ಹೋಗುವುದೇ? ನಾನು ಅತ್ತೆ, ಗಂಗವ್ವ ಅತ್ತಳು, ನಿಮ್ಮ ವಿದ್ಯಾರ್ಥಿನಿಯರು ಬಸ್ಸಿಳಿದು ದಾರಿಯುದ್ದಕ್ಕೂ ಅಳುತ್ತ ಬಂದರು. ನಿಮ್ಮ ಮಗ ಮಾತ್ರ ಅಳಲಿಲ್ಲ. ವಿಭೂತಿ ತಂದರು, ಹೂವು ತಂದರು, ಜಂಗಮರನ್ನು ಕರೆತಂದರು, ಮಣ್ಣು ಕೊಟ್ಟು ಬಂದು ಕೈ ತೊಳೆದುಕೊಂಡು ಬಂದವರಿಗೆ ಊಟ ಬಡಿಸಿದರು. ಆಮೇಲೂ ಅಳಲಿಲ್ಲ. ಈ ಖೋಲಿಯ ಬಾಗಿಲು ಮುಂದೆ ಮಾಡಿದರು, ಅಷ್ಟೇ. ತಟ್ಟೆಯ ಮುಂದೆ ಕುಳಿತು ಅರ್ಧ ರೊಟ್ಟಿಗೇ ಎದ್ದುಬಿಡುತ್ತಿದ್ದರು. ನನಗೆ ನಿಮಗಿಂತ ಅವರದೇ ಚಿಂತೆ ಹತ್ತಿತು.

ಬೈಲಹೊಂಗಲದ ಕಣ್ಣಿನ ದವಾಖಾನೆಯ ಆ ಬೆಳಗ್ಗೆಯಿಂದ ನಿಜವಾದ ಕಥೆ. ಹನಿ ನೀರಾವರಿ ಪೈಪಿನ ಅವರ ಅಂಗಡಿ ಅಲ್ಲೇ ಇದೆಯಲ್ಲ, ಧೂಳಿಗೆ ಕಣ್ಣು ಕೆಂಪಾಗಿತ್ತು. ಒಲ್ಲೆ ಅಂದರೂ ನಾನು ಜೊತೆಗೆ ಹೋದೆ. ಟೋಕನ್ ತೆಗೆದುಕೊಂಡು ಬೆಂಚಿನ ಮೇಲೆ ಕುಳಿತೆವು, ನಮ್ಮ ಸರದಿ ಬಹಳ ಹಿಂದಿತ್ತು. ಗೋಡೆಯ ಮೇಲೊಂದು ಪುಟ್ಟ ಸ್ಪೀಕರು, ಅದಕ್ಕೆ ತಂತಿಯೂ ಇರಲಿಲ್ಲ. ಅದರೊಳಗಿಂದ ನೀವು, “ಮುಂದಿನವರು ದಯವಿಟ್ಟು ಒಳಗೆ ಬನ್ನಿ” ಅಂದಿರಿ. ನಾನು ತಿರುಗಿ ನೋಡುವಷ್ಟರಲ್ಲಿ ನಿಮ್ಮ ಮಗ ಎದ್ದಿದ್ದರು. ಚಿಕ್ಕ ಮಕ್ಕಳು ಶಾಲೆಯಲ್ಲಿ ಹೆಸರು ಕರೆದಾಗ ಏಳುತ್ತಾರಲ್ಲ, ಹಾಗೆ. ಸರದಿಯಲ್ಲಿದ್ದ ಮುದುಕರನ್ನು ದಾಟಿ ನೇರ ಡಾಕ್ಟರ ಬಾಗಿಲಿಗೆ ಹೋದರು. ಇದು ನಿಮ್ಮ ನಂಬರಲ್ಲ ಅಂತ ನರ್ಸ್ ತಡೆದಳು. ಆಕೆಯ ಮುಖವನ್ನೇ ನೋಡುತ್ತ, “ಅವ್ವ ಕರದ್ಲು, ಬಂದ್ನಿ” ಅಂದರು.

ಬಸ್ಸಿನಲ್ಲಿ ತಿರುಗಿ ಬರುವಾಗ ಸವದತ್ತಿಯ ಗುಡ್ಡ ಕಾಣುವವರೆಗೆ ನಾನೇ ಎಲ್ಲವನ್ನೂ ಹೇಳಿದೆ. ನೀವು ಓದಿದ್ದು, ಅದರಿಂದ ಧ್ವನಿ ತಯಾರಾಗಿದ್ದು, ದವಾಖಾನೆಗೆ ಯಂತ್ರ ಮಾಡಿಕೊಟ್ಟವರು ಅದನ್ನು ಪುಕ್ಕಟೆ ಇಳಿಸಿಕೊಂಡಿದ್ದು, ಅದರಲ್ಲಿ ತಪ್ಪೇನೂ ಇಲ್ಲದ್ದು. ಅವರಿಗೆ ತಪ್ಪು ಒಪ್ಪು ಬೇಕಿರಲಿಲ್ಲ. ಇಳಿಯುವ ಹೊತ್ತಿಗೆ, “ನಮ್ಮವ್ವ ಏನ ಸರಕಾರಿ ಬೋರವೆಲ್ಲೇನ, ಕಂಡ ಕಂಡವರು ತುಂಬಕೊಂಡ ಹೋಗಾಕ? ತಗಸ ಅದನ್ನ” ಅಂದರು. ಮನೆಗೆ ಬಂದು ಮತ್ತೆ ಅದೇ ಮಾತು. ಮರುದಿನವೂ ಅದೇ. ನಾನು ನಿಮ್ಮ ಹೆಪ್ಪಿನ ಮಾತು ಎತ್ತಿದೆ. ಅವ್ವ ಹೆಪ್ಪಲ್ಲ ಅಂತ ತಟ್ಟೆ ಸರಿಸಿ ಎದ್ದರು. ನೀವಿದ್ದರೆ ಅದಕ್ಕೂ ಒಂದು ಉತ್ತರ ಕೊಡುತ್ತಿದ್ದಿರಿ.

ಬಾಗಿಲು ತೆಗೆದು ನಿಮ್ಮ ಕುರ್ಚಿಯಲ್ಲಿ ಮೊದಲ ಸಲ ಕುಳಿತದ್ದು ಆ ಧ್ವನಿಯ ತಂತ್ರಾಂಶದವರಿಗೆ ಬರೆಯಲಿಕ್ಕೆ. ನೀವು ತೀರಿಕೊಂಡದ್ದು ಅವರಿಗೆ ಗೊತ್ತೇ ಇರಲಿಲ್ಲ. ಅದನ್ನೆಲ್ಲ ನೋಡಿಕೊಳ್ಳುವ ಹುಡುಗಿ ಎರಡು ದಿನ ಬಿಟ್ಟು ಉತ್ತರಿಸಿದಳು. ಈಗಾಗಲೇ ಹೋದ ಪ್ರತಿಗಳನ್ನು ಯಾರೂ ಮರಳಿ ತರಲಾರರು, ಕರಾರಿನ ಪ್ರಕಾರ ಕೇಳುವಂತೆಯೂ ಇಲ್ಲ. ಆದರೆ ಮನೆಯವರಿಗೆ ನೋವಾಗುತ್ತದೆ ಎಂದರೆ ಇಳಿಸಿಕೊಳ್ಳುವ ಜಾಗದಿಂದ ತೆಗೆಯುತ್ತೇವೆ, ಮುಂದಿನ ಆವೃತ್ತಿಗಳಲ್ಲಿ ಹಾಕುವುದಿಲ್ಲ, ನಿಧಾನಕ್ಕೆ ಅದು ಮರೆಯಾಗುತ್ತದೆ. ನಾನು ಒಂದು ಮಾತು ಬರೆದರೆ ಸಾಕು ಅಂದಿದ್ದಳು. ಕೊನೆಗೆ, ಅಮ್ಮನನ್ನು ನಾನು ಕಂಡಿಲ್ಲ, ಆದರೆ ವಾಕ್ಯದ ಯಾವ ಜಾಗದಲ್ಲಿ ಅವರು ಉಸಿರು ತೆಗೆದುಕೊಳ್ಳುತ್ತಾರೆ ಅಂತ ನನಗೆ ಗೊತ್ತು ಅಂತ ಬರೆದಿದ್ದಳು. ಅದನ್ನು ಓದಿ ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು. ಅಷ್ಟು ವರ್ಷ ಜೊತೆಗಿದ್ದ ನನಗೆ ಅದು ಗೊತ್ತಿರಲಿಲ್ಲವಲ್ಲ!

ನೀವು ಓದಿದ ಮೂಲ ರೆಕಾರ್ಡುಗಳೆಲ್ಲ ಇದೇ ಕಂಪ್ಯೂಟರಿನಲ್ಲಿವೆ. ಉತ್ತರ ಬರೆಯುವ ಮೊದಲು ಅವನ್ನು ಒಂದೊಂದಾಗಿ ತೆರೆದು ಕೇಳಿದೆ. ಏನು ಹುಡುಕುತ್ತಿದ್ದೆ ಗೊತ್ತೇ? ನೀವು ತಪ್ಪಿ ಆಡಿದ ಒಂದು ಮನೆಯ ಮಾತು. ಸೆಕೆಗೆ ಬೇಸತ್ತು ಅಯ್ಯ ಶಿವನ ಅಂದದ್ದು, ರೊಟ್ಟಿ ನಿಲ್ಲಿಸು ಅಂತ ನನಗೆ ಗದರಿದ್ದು, ಇಂಥದ್ದೇನಾದರೂ ಸಿಕ್ಕೀತು ಅಂತ. ಒಂದೂ ಇಲ್ಲ. ಪ್ರತಿ ವಾಕ್ಯದ ತಲೆ ಬಾಲ ಕತ್ತರಿಸಿ, ಒಪ್ಪ ಮಾಡಿ ಇಟ್ಟಿದ್ದಿರಿ. ಎಷ್ಟೆಂದರೂ ಶಾಲೆಯ ಅಕ್ಕೋರು. ಫೋನಿನಲ್ಲಾದರೂ ಇರಬಹುದೆಂದರೆ, ಎಲ್ಲರೂ ಮಾತು ರೆಕಾರ್ಡ್ ಮಾಡಿ ಕಳಿಸುವ ಆ ಆ್ಯಪುಗಳು ನಿಮಗೆ ಆಗುತ್ತಿರಲಿಲ್ಲ. ಅವು ಒಳಗೇನು ಮಾಡುತ್ತವೆ ಅಂತ ತೋರಿಸುವುದಿಲ್ಲ, ಬೇಡ ಅಂತ ಹಟ. ಮದುವೆಗಳ ವಿಡಿಯೋದಲ್ಲಿ ನೀವು ಹಿಂದೆ ನಿಂತು ನಗುತ್ತೀರಿ, ಮಾತಿಲ್ಲ. ಊರಿಗೆಲ್ಲ ಧ್ವನಿ ಕೊಟ್ಟವರು ಮನೆಗೆ ಅಂತ ಒಂದು ಮಾತು ಉಳಿಸಿರಲಿಲ್ಲ. ಆ ಮಧ್ಯಾಹ್ನ ನಿಮ್ಮ ಮೇಲೆ ಬಹಳ ಸಿಟ್ಟು ಬಂತು ಅತ್ಯಾರೇ. ಸತ್ತವರ ಮೇಲೆ ಸಿಟ್ಟು ಮಾಡಬಾರದೆನ್ನುತ್ತಾರೆ, ನಾನು ಮಾಡಿದೆ.

ಕಿತ್ತೂರಿಗೆ ತವರಿಗೆ ಹೋದಾಗ ನಿಮ್ಮ ಮಗನನ್ನು ಈರಣ್ಣ ಮಾಸ್ತರರ ಮನೆಗೆ ಕರೆದುಕೊಂಡು ಹೋದೆ. ನಮ್ಮ ಅಪ್ಪನ ಗೆಳೆಯರು, ಮಕ್ಕಳಿಗೆ ಹಾರ್ಮೋನಿಯಂ ಕಲಿಸುವವರು. ಹುಟ್ಟಿನಿಂದ ಕಣ್ಣಿಲ್ಲ. ಅವರ ಫೋನು ಪೇಪರು ಓದುವುದು ನಿಮ್ಮ ಧ್ವನಿಯಲ್ಲಿ ಅಂತ ಅಪ್ಪ ಹೇಳಿದ್ದರು. ನಾವು ಹೋದಾಗ ಅವರು ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದರು. ಧ್ವನಿ ನಿಮ್ಮದು ಅಂತ ನನಗೂ ಗುರುತು ಹತ್ತಲಿಲ್ಲ, ಅಷ್ಟು ವೇಗ. ಕಾಳು ಹುರಿಯುವಾಗ ಚಟಪಟ ಅನ್ನುತ್ತದಲ್ಲ, ಹಾಗೆ. ಅಭ್ಯಾಸವಾದವರಿಗೆ ಅದೇ ಸಾಕಂತೆ, ಒಂದು ತಾಸಿನ ಪೇಪರು ಸ್ವಲ್ಪದರಲ್ಲಿ ಮುಗಿಯುತ್ತದೆ. ಯಾರ ಮಗ ಬಂದಿದ್ದಾರೆಂದು ತಿಳಿದ ಕೂಡಲೇ ಎದ್ದು ನಿಂತು ಕೈ ಮುಗಿದರು. ಆಮೇಲೆ ವೇಗ ಇಳಿಸಿ ಕೇಳಿಸಿದರು. ಯಾವುದೋ ಮಳೆಯ ಸುದ್ದಿ. ನಿಮ್ಮ ಮಗ ತಲೆ ತಗ್ಗಿಸಿ ಕೇಳಿದರು. ಇದನ್ನು ತೆಗೆಸಲಿಕ್ಕೆ ಹೊರಟಿದ್ದೇವೆ ಅಂತ ಅವರ ಮುಂದೆ ಹೇಳುವ ಧೈರ್ಯ ನನಗಿರಲಿಲ್ಲ. ನಿಮ್ಮ ಮಗನೇ ಹೇಳಿದರು.

ಈರಣ್ಣ ಮಾಸ್ತರರು ಬೇಸರ ಮಾಡಿಕೊಳ್ಳಲಿಲ್ಲ. ಮನೆಯವರ ವಸ್ತು, ಮನೆಯವರ ಇಷ್ಟ, ನನಗೆ ಇನ್ನೊಂದು ಧ್ವನಿ ಸಿಗುತ್ತದೆ ಅಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. “ನಿಮ್ಮ ತಾಯಾರು ಸಿಟ್ಟಿಗೆದ್ರ ಹೆಂಗ ಮಾತಾಡ್ತಿದ್ರಿ? ಇವರಿಗೆ ಸಿಟ್ಟ ಬರೂದಿಲ್ಲ ನೋಡ್ರಿ. ಸಾವಿನ ಸುದ್ದೀನೂ ಹಂಗ ಓದತಾರ, ಮಳಿ ಸುದ್ದೀನೂ ಹಂಗ.” ನಿಮ್ಮ ಮಗ ಹೇಳಲು ಬಾಯಿ ತೆರೆದರು. ನೀವು ಬೈಯುವ ಹಾಗೆ ಮಾಡಿ ತೋರಿಸಲು ನೋಡಿದರು, ಆಗಲಿಲ್ಲ. ಮತ್ತೊಮ್ಮೆ ನೋಡಿದರು. ಗಂಡಸಿನ ಗಂಟಲಲ್ಲಿ ನೀವು ಬರಲೇ ಇಲ್ಲ. ಬರುತ್ತದೆ, ಮನೆಗೆ ಹೋಗಿ ನೆನಪು ಮಾಡಿಕೊಳ್ಳುತ್ತೇನೆ ಅಂದುಬಿಟ್ಟರು.

ಸವದತ್ತಿಗೆ ಬಂದವರು ಚಪ್ಪಲಿ ಬಿಟ್ಟು ನೇರ ಈ ಖೋಲಿಗೆ ಬಂದರು. ನೀವು ಹೋದ ಮೇಲೆ ಅವರು ಇಲ್ಲಿ ಕಾಲಿಟ್ಟದ್ದು ಅದೇ ಮೊದಲು. ಆ ಧ್ವನಿ ಹಚ್ಚಿಕೊಡು ಅಂದರು, ಹಚ್ಚಿಕೊಟ್ಟೆ. ಒಂದೊಂದೇ ಅಕ್ಷರ ಹುಡುಕಿ ಟೈಪು ಮಾಡಿದರು. ‘ಏ ಶಿವ್ಯಾ, ಉಣ್ಣಾಕ ಬರ್ತಿಯೋ ಇಲ್ಲೋ.’ ಊಟಕ್ಕೆ ನೀವು ಅವರನ್ನು ದಿನಾ ಕೂಗುತ್ತಿದ್ದ ಮಾತು. ಯಂತ್ರ ಅದನ್ನು ಓದಿತು. ಧ್ವನಿ ನಿಮ್ಮದೇ, ಒಂದು ಎಳೆಯೂ ಹೆಚ್ಚುಕಡಿಮೆ ಇಲ್ಲ. ಆದರೆ ಪಠ್ಯಪುಸ್ತಕದ ವಾಕ್ಯ ಓದಿದಂತೆ, ಬಿಡಿಬಿಡಿಯಾಗಿ, ಮರ್ಯಾದೆಯಿಂದ, ಯಾರೋ ಗೊತ್ತಿಲ್ಲದ ಶಿವ್ಯಾನನ್ನು ಕರೆದಂತೆ ಓದಿತು. ನಿಮಗೆ ಆ ತಂತ್ರಾಂಶದವರು ಬರೆದು ಕಳಿಸಿದ್ದು ಅಂಥ ವಾಕ್ಯಗಳೇ ಅಲ್ಲವೇ, ಅದು ಕಲಿತದ್ದೂ ಅಷ್ಟೇ. ನಿಮ್ಮ ಮಗನಿಗೆ ನಗು ಬಂತು. ನಗುತ್ತಲೇ ಮೇಜಿನ ಮೇಲೆ ತಲೆ ಇಟ್ಟರು. 

ಎಷ್ಟು ಹೊತ್ತು ಅತ್ತರೋ. ನಾನು ಬೆನ್ನ ಮೇಲೆ ಕೈ ಇಟ್ಟು ನಿಂತಿದ್ದೆ. ಶ್ರಾವಣದಿಂದ ಕಟ್ಟಿಕೊಂಡಿದ್ದೆಲ್ಲ ಬಂತು. ತಲೆ ಎತ್ತಿ, “ಇದು ಸಾಲ್ಯಾಗಿನ ಅವ್ವ. ಇರಲಿ ಬಿಡು, ಊರಿಗೆ ಇರಲಿ. ಮನ್ಯಾಗಿನ ಅವ್ವನ್ನ ಆಕಿ ಯಾರಿಗೂ ಕೊಟ್ಟಿಲ್ಲ” ಅಂದರು. ಆ ಮಾತಿನಿಂದ ಅವರಿಗೆ ಸಮಾಧಾನವಾಯಿತು. ಅಂದು ಎರಡು ರೊಟ್ಟಿ ಉಂಡರು. ನನಗೆ ಮಾತ್ರ ಸಂಕಟ ಹೆಚ್ಚಾಯಿತು. ಯಾರಿಗೂ ಕೊಟ್ಟಿಲ್ಲ ಅಂದರೆ ನಮಗೂ ಕೊಟ್ಟಿಲ್ಲ. ನವಿಲುತೀರ್ಥದ ಅಣೆಕಟ್ಟಿನ ನೀರು ಕಾಲುವೆಗೆ ಹರಿದಷ್ಟು ಹರಿಯಿತು, ಉಳಿದದ್ದು ಎಲ್ಲಿ ಹೋಯಿತು ಅಂತ ಯಾರನ್ನು ಕೇಳುವುದು? ನೀವು ಬೈದದ್ದು, ಗೊಣಗಿದ್ದು, ನನಗೆ ಜ್ವರ ಬಂದಾಗ ಹಣೆ ಒತ್ತುತ್ತ ಏನೇನೋ ಅಂದದ್ದು, ಅದರ ಪ್ರತಿ ಯಾವ ಯಂತ್ರದಲ್ಲೂ ಇಲ್ಲ.

ಮರುದಿನ ಆ ಹುಡುಗಿಗೆ ಬರೆದೆ. ಧ್ವನಿ ಇದ್ದಲ್ಲೇ ಇರಲಿ, ತೆಗೆಯುವುದು ಬೇಡ, ಮನೆಯವರೆಲ್ಲ ಒಪ್ಪಿದ್ದೇವೆ. ಜೊತೆಗೊಂದು ಮಾತು ಕೇಳಿದೆ. ನಿಮ್ಮ ಯಂತ್ರಕ್ಕೆ ನಮ್ಮ ಕಡೆಯ ಮಾತು ಬರುವುದಿಲ್ಲ, ಉಣ್ಣಲು ಕರೆಯುವುದೂ ಬರುವುದಿಲ್ಲ, ನಾನು ಓದಿ ಕಳಿಸಿದರೆ ತೆಗೆದುಕೊಳ್ಳುತ್ತೀರಾ ಅಂತ. ಆಕೆ ಕುಣಿದಾಡಿದಳೆಂದು ಕಾಣುತ್ತದೆ, ಕೂಡಲೇ ಉತ್ತರ ಬಂತು. ವಾಕ್ಯಗಳನ್ನು ನೀವೇ ಬರೆದುಕೊಳ್ಳಿ, ಮನೆಯಲ್ಲಿ ಹೇಗೆ ಆಡುತ್ತೀರೋ ಹಾಗೆ ಆಡಿ, ಕತ್ತರಿಸಬೇಡಿ ಅಂದಳು. ನಿಮ್ಮ ಕರಾರನ್ನೇ ನನಗೂ ಕಳಿಸಿದ್ದಾಳೆ. ಈ ಸಲ ನಾನು ಓದದೇ ಒಪ್ಪಿಕೊಂಡೆ.

ನಿನ್ನೆ ಸಂಜೆ ಕೌದಿ ಕಟ್ಟಿ ಒಳಗೆ ಕುಳಿತೆ. ಏನು ಹೇಳಲಿ ಅಂತ ತಿಳಿಯದೆ, ದಿನಾ ಬಾಯಿಗೆ ಬರುವ ಒಂದು ಮಾತು ಆಡಿದೆ. “ಹಾಲ ಉಕ್ಕಾಕ ಹತ್ತೇತಿ, ಒಲಿ ಸಣ್ಣ ಮಾಡ್ರಿ, ನಿಂತ ನೋಡ್ತೀರಲಾ.” ಸರಿ ಬಂದಿದೆಯೋ ಇಲ್ಲವೋ ಅಂತ ತಿರುಗಿ ಹಚ್ಚಿ ಕೇಳಿದೆ. ತನ್ನ ಧ್ವನಿ ತನಗೇ ಯಾರದೋ ಅನ್ನಿಸುತ್ತದೆ ಅನ್ನುತ್ತಾರೆ, ಹಾಗೇ ಇರಬೇಕು ಅಂದುಕೊಂಡೆ. ಮತ್ತೊಮ್ಮೆ ಕೇಳಿದೆ. ಕೊನೆಯ ಮಾತಿನ ಆ ಎಳೆತ, ಸಿಟ್ಟೋ ಅಕ್ಕರೆಯೋ ಗೊತ್ತಾಗದ ಆ ಏರು... ಕಿತ್ತೂರಿನಲ್ಲಿ ನಮ್ಮವ್ವ ಹಾಗೆ ಮಾತಾಡುವುದಿಲ್ಲ. ನಮ್ಮ ತವರಿನಲ್ಲಿ ಯಾರೂ ಮಾತಾಡುವುದಿಲ್ಲ. ನನ್ನ ಬಾಯಿಗೆ ಇದು ಎಂದು ಬಂತು ಅತ್ಯಾರೇ, ನನಗೆ ತಿಳಿಸದೇ ಯಾವಾಗ ಕೊಟ್ಟಿರಿ?

ಕೌದಿ ಸರಿಯಿತು. ನಿಮ್ಮ ಮಗ ಅಂಗಡಿಯಿಂದ ಬಂದು, ಕೈಚೀಲ ಹಿಡಿದೇ ನಿಂತಿದ್ದರು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ. ನನ್ನ ಮುಖ ನೋಡಲಿಲ್ಲ, ಸ್ಪೀಕರನ್ನೇ ನೋಡುತ್ತಿದ್ದರು. ಚೀಲ ಕೆಳಗಿಟ್ಟು, ಬೆವರಿನಲ್ಲಿ ಹಾಗೇ ನನ್ನ ಪಕ್ಕ ನೆಲದ ಮೇಲೆ ಕುಳಿತರು.

“ಇನ್ನೊಮ್ಮೆ ಹಚ್ಚು” ಅಂದರು.

ನಿಮ್ಮ
ಸುಮಾ